ಹಾರ್ನ್ ಸ್ಪೀಕರ್‌ನಲ್ಲಿ ಬೇಸ್ ಗಿಟಾರ್

ನಮ್ಮ ಬ್ಯಾಂಡ್‌ಗೆ ಮೊದಲು ದುಡ್ಡು ಕೊಟ್ಟವರು ಗಣೇಶನ ಪೆಂಡಾಲ್ ಹಾಕುವ ಹುಡುಗರು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಿತ್ತಲ್ಲ, ಅದನ್ನು ನೋಡಿದ ಹುಚ್ಚಿನಲ್ಲಿ ಒಟ್ಟು ಸೇರಿದವರು ನಾವು. ಪಬ್‌ಗಳಲ್ಲಿ ಕೇಳಿದರೆ ಒಂದೇ ಮಾತು: ಇಂಗ್ಲಿಷ್ ಹಾಡು ನುಡಿಸಿ, ನಿಮ್ಮ ಕನ್ನಡದ್ದು ಕೊನೆಗೆ ಒಂದು ಇರಲಿ. ಸ್ವಂತ ಹಾಡಿಗೆ 1996ರಿಂದ ನಡೆಯುತ್ತಿದ್ದ ಫ್ರೀಡಂ ಜ್ಯಾಮ್ ಅನ್ನುವ ಸಂಗೀತ ಉತ್ಸವ ಇತ್ತು, ನಿಜ. ಅದು ಬರುವುದು ಆಗಸ್ಟ್ 15ರ ಹೊತ್ತಿಗೆ. ಉಳಿದ ತಿಂಗಳು ಏನು ಮಾಡೋದು?

ಪ್ರಾಕ್ಟೀಸ್ ನಡೆಯುತ್ತಿದ್ದದ್ದು ಹನುಮಂತನಗರದ ಒಂದು ಮನೆಯ ತಾರಸಿ ರೂಮಿನಲ್ಲಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗಲ್ಲ ಅಂತಾರೆ, ನಂಬಬೇಡಿ. ಒಳಗಿನ ಪ್ರತಿಧ್ವನಿ ಸ್ವಲ್ಪ ತಗ್ಗುತ್ತದೆ, ಅಷ್ಟೆ. ಸದ್ದು ನುಸುಳುವುದು ಬಾಗಿಲು, ಕಿಟಕಿಯ ಸಂದಿಯಿಂದ. ಅಲ್ಲಿಗೆ ರಬ್ಬರ್ ಪಟ್ಟಿ ಹೊಡೆದು, ಡ್ರಮ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದೆವು. ಪಕ್ಕದ ಮನೆ ಆಂಟಿ "ಏನ್ರಪ್ಪಾ, ಇವತ್ತು ರಜಾನಾ?" ಅಂದರು.

ಪೆಂಡಾಲ್‌ನಲ್ಲಿ ಮೈಕ್ ಸೆಟ್‌ನವರು ತಂದದ್ದೇ ಗತಿ. ಗಿಟಾರ್‌ನ ಸದ್ದು ಹಿಗ್ಗಿಸುವ ಆಂಪ್ ಇರಲ್ಲ, ಪ್ರೊಸೆಸರ್ ಅನ್ನುವ ಎಫೆಕ್ಟ್ ಪೆಟ್ಟಿಗೆಯಿಂದ ಸೀದಾ ಮಿಕ್ಸರ್‌ಗೆ. ಅರ್ಥಿಂಗ್ ಕೆಟ್ಟಿದ್ದರೆ ಗುಂಯ್ ಅನ್ನುವ ಸದ್ದು ಬೇರೆ. ಗಿಟಾರ್ ಹಿಡಿದು ಹಾಡುವವನ ತುಟಿ ಮೈಕ್‌ಗೆ ತಾಗಿದರೆ ಶಾಕ್! ಅದಕ್ಕೇ ಮೈಕ್‌ಗೆ ಸ್ಪಂಜ್ ಟೋಪಿ ಹಾಕಿಯೇ ಶುರು ಮಾಡುತ್ತಿದ್ದೆವು.

ನಾನು ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್ ನುಡಿಸುವವನು. ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ತುಂಬಾ ತಗ್ಗು. ಕಂಬಕ್ಕೆ ಕಟ್ಟಿದ ಹಾರ್ನ್‌ನಿಂದ ಅದು ಹೊರಗೇ ಬರಲ್ಲ. ಜನರ ಕಣ್ಣಿಗೆ ನಾನು ಸುಮ್ನೆ ಬೆರಳಾಡಿಸುವವನು. ಹಾಗಾಗಿ ನನ್ನ ಭಾಗವನ್ನೆಲ್ಲ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ ಮೇಲಕ್ಕೆ, ಗಿಟಾರ್ ಕತ್ತಿನ ಅಡ್ಡಪಟ್ಟಿಗಳಲ್ಲಿ ಹನ್ನೆರಡನೇದರ (ಫ್ರೆಟ್) ಆಸುಪಾಸಿಗೆ ಒಯ್ದೆ. ಬೆರಳು ಬಿಟ್ಟು ತಂತಿ ಮೀಟುವ ಪಿಕ್ ಹಿಡಿದೆ. ಈಗ ಕೇಳಿಸತೊಡಗಿತು. ಕೆಳಗೆ ಖಾಲಿಯಾದ ಜಾಗವನ್ನು ಡ್ರಮ್ಮರ್ ತುಂಬಿದ. ಮೆರವಣಿಗೆಯ ತಮಟೆ ಕೇಳಿ ಕೇಳಿ ಅವನ ಕೈಗೆ ಆ ಪೆಟ್ಟು ಬಂದಿತ್ತು.

ಜನ ಕೇಳುವುದು "ಅಣ್ಣಾ, ರಾಜಣ್ಣಂದು ಒಂದು ಹಾಕಿ". ಹಾಕುತ್ತಿದ್ದೆವು, ಗಿಟಾರ್ ಒರಟಾಗಿ ಗರ್ಜಿಸುವಂತೆ ಡಿಸ್ಟಾರ್ಷನ್ ಕೊಟ್ಟು. ಅಂಥ ಎರಡು ಹಾಡಿನ ನಡುವೆ ನಮ್ಮದೊಂದನ್ನು ಏನೂ ಹೇಳದೆ ತೂರಿಸುತ್ತಿದ್ದೆವು. ಮುಂದಿನ ಸಾಲಿನ ಅಜ್ಜ ಒಬ್ಬರು ಕರೆದು "ಇದು ಯಾವ ಪಿಚ್ಚರ್‌ದಪ್ಪಾ?" ಅಂತ ಕೇಳಿದರು. ಇದಕ್ಕಿಂತ ಒಳ್ಳೇ ವಿಮರ್ಶೆ ಪಬ್‌ನಲ್ಲಿ ಸಿಗುತ್ತಾ?

ರಾತ್ರಿ 10ಕ್ಕೆ ಮೈಕ್ ಬಂದ್, ಕಾನೂನೇ ಹಾಗೆ. ಆಟೋಗೂ ಆಗಲೇ ಒಂದೂವರೆ ಪಟ್ಟು ಬಾಡಿಗೆ ಶುರು. ಡ್ರಮ್ ಸೆಟ್ ಏರಿಸಿದರೆ ಇನ್ನೂ ಜಾಸ್ತಿ. ಸಿಕ್ಕ ದುಡ್ಡು ಅಲ್ಲಿಗೇ ಸರಿಹೋಗುತ್ತಿತ್ತು.

ಮೊದಲ ಹಾಡು ರೆಕಾರ್ಡ್ ಮಾಡುವಾಗ ಸ್ಟುಡಿಯೋದವರು ಬೇಸ್ ಅನ್ನು ಮತ್ತೆ ಕೆಳಗಿನ ಆಕ್ಟೇವ್‌ಗೆ ಇಳಿಸಿ ಅಂದರು. ಎರಡೂ ಥರ ನುಡಿಸಿ ಕೇಳಿದೆವು. ನಮ್ಮ ಬ್ಯಾಂಡ್ ಹುಡುಗರು ಪೆಂಡಾಲ್‌ದೇ ಇರಲಿ ಅಂದರು. ಈಗಲೂ ಆ ಹಾಡನ್ನು ಹಾಗೇ ನುಡಿಸುತ್ತೇನೆ.