ದಿನಕ್ಕೆ 7 ರೂಪಾಯಿ: ನಮ್ಮೂರಿನ ಸಂಜೆ ತರಗತಿ ಉಳಿದದ್ದು ಹೀಗೆ

ನಮ್ಮೂರಿನ ಪಂಚಾಯ್ತಿ ಲೈಬ್ರರಿಯ ಹಿಂದಿನ ಹಾಲ್‌ನಲ್ಲಿ ಆರು ವರ್ಷದಿಂದ ಮಕ್ಕಳಿಗೆ ನಾಟಕ, ಹಾಡು, ಚಿತ್ರ ಕಲಿಸುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಯಿಂದ ಆರರವರೆಗೆ, ವಾರಕ್ಕೆ ನಾಲ್ಕು ದಿನ. 40 ಮಕ್ಕಳು ಬರುತ್ತಾರೆ. ಖರ್ಚು ಪಂಚಾಯ್ತಿಯ ಸ್ವಂತ ಆದಾಯದಿಂದ. ಎರಡು ವರ್ಷದ ಹಿಂದೆ ಪಂಚಾಯ್ತಿಯ ಕ್ರಿಯಾಯೋಜನೆ, ಅಂದರೆ ವರ್ಷದ ಕೆಲಸ-ಖರ್ಚಿನ ಪಟ್ಟಿ, ಮಾಡುವಾಗ ಇದನ್ನು ತೆಗೆದುಹಾಕುವ ಮಾತು ಬಂತು. ಚರಂಡಿ ಕೆಲಸವೇ ಬಾಕಿ ಇದೆ, ನಾಟಕಕ್ಕೆ ಯಾಕೆ ದುಡ್ಡು ಅಂತ. ಬೇಕಾದವರು ಫೀಸ್ ಕಟ್ಟಿ ಕಲಿಯಲಿ ಅಂದರು ಒಬ್ಬ ಸದಸ್ಯರು.

ಫೀಸ್ ಇಟ್ಟರೆ ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಅದಕ್ಕೂ ಮುಂಚೆ ಒಂದು ಸಲ ಹಣ ಬರೋದು ತಡವಾಗಿ, ತಿಂಗಳಿಗೆ 50 ರೂಪಾಯಿ ತನ್ನಿ ಅಂತ ಮಕ್ಕಳಿಗೆ ಹೇಳಿಬಿಟ್ಟಿದ್ದೆ. ತಪ್ಪು ಮಾಡಿದೆ. ಮುಂದಿನ ವಾರ 13 ಮಕ್ಕಳು ಬರಲೇ ಇಲ್ಲ. ಅದರಲ್ಲಿ 9 ಜನ ಹುಡುಗಿಯರು. ದುಡ್ಡಿಲ್ಲ ಅಂತ ಯಾರೂ ಹೇಳಲಿಲ್ಲ. “ಅಮ್ಮ ಬೇಡ ಅಂದ್ರು ಮಿಸ್” ಅಂದರು, ಅಷ್ಟೇ.

ಅವರಲ್ಲೊಬ್ಬಳು ಆರನೇ ಕ್ಲಾಸಿನವಳು. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ತಾಲೀಮಿಗೆ ಬರುತ್ತಿದ್ದಳು. ಅಮ್ಮ ಗಾರ್ಮೆಂಟ್ಸ್ ಕೆಲಸ ಮುಗಿಸಿ ವ್ಯಾನ್ ಇಳಿಯೋದು ಏಳು ಗಂಟೆಗೆ. ತಮ್ಮನನ್ನು ಮೂಲೆಯ ಚಾಪೆ ಮೇಲೆ ಕೂರಿಸಿ, ಪೇಪರ್ ಚೂರು ಕೈಗೆ ಕೊಟ್ಟು, ತಾನು ಮುಖವಾಡ ಮಾಡೋಕೆ ಕೂರುತ್ತಿದ್ದಳು. ಮೈದಾ ಗೋಂದು ಹಚ್ಚಿ ಒಂದರ ಮೇಲೊಂದು ಐದು ಪದರ. ಪ್ರತಿ ಪದರವನ್ನೂ ಹೆಬ್ಬೆರಳಲ್ಲಿ ತೀಡಿ ಒಳಗಿನ ಗಾಳಿ ತೆಗೆಯುತ್ತಿದ್ದಳು. ಅವಸರ ಮಾಡಿದರೆ ಒಣಗಿದ ಮೇಲೆ ಮೂಗಿನ ಹತ್ತಿರ ಉಬ್ಬುತ್ತೆ ಅಂತ ಸಣ್ಣವರಿಗೆ ಅವಳೇ ಹೇಳಿಕೊಡುತ್ತಿದ್ದಳು. ಆ ಚಾಪೆ ವಾರವಿಡೀ ಖಾಲಿ ಇತ್ತು. ಫೀಸ್ ಇಲ್ಲಮ್ಮ, ಕಳಿಸಿ ಅಂತ ಮನೆ ಮನೆಗೆ ಹೋಗಿ ಹೇಳಿ ಮಕ್ಕಳನ್ನು ಕರೆತಂದೆ.

ಪಂಚಾಯ್ತಿ ಮುಂದೆ ಏನು ಹೇಳಬೇಕು ಅಂತ ತುಂಬಾ ಯೋಚಿಸಿದೆ. ಕಲೆ ಕಲಿತರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ವಾದ ಮಾಡಿ ಅಂತ ಸ್ನೇಹಿತರು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ನಾಳೆ ಮಾರ್ಕ್ಸ್ ಬರಲಿಲ್ಲ ಅಂದರೆ ತರಗತಿ ಮುಚ್ಚಬೇಕಾ? ಹಾಡೋದು, ಆಡೋದು ಮಕ್ಕಳಿಗೆ ಅದಾಗಿಯೇ ಬೇಕು. 10ನೇ ತರಗತಿವರೆಗೆ ಕಲೆ ಕಡ್ಡಾಯ ಆಗಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 8ನೇ ತರಗತಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಬೇಕು ಅಂತಿದೆ. ಆದರೆ ಮಕ್ಕಳ ಸಂಖ್ಯೆ 100 ದಾಟಿದ್ದರೆ ಮಾತ್ರ. ನಮ್ಮ ಶಾಲೆಯಲ್ಲಿ ಆ ಮೂರೂ ತರಗತಿ ಸೇರಿ 64 ಮಕ್ಕಳು. ಊರು ಸಣ್ಣದು ಅನ್ನೋ ಒಂದೇ ಕಾರಣಕ್ಕೆ ನಮ್ಮ ಮಕ್ಕಳಿಗೆ ಕಲಾ ಶಿಕ್ಷಕರಿಲ್ಲ. ಪಂಚಾಯ್ತಿಯೂ ಕೈಬಿಟ್ಟರೆ ಬೇರೆ ಯಾರಿದ್ದಾರೆ?

ಲೆಕ್ಕ ಬರೆದೆ. ನನ್ನ ಗೌರವಧನ 10 ತಿಂಗಳಿಗೆ 30,000. ಬಣ್ಣ, ಕಾಗದ, ತಮಟೆ ರಿಪೇರಿ ಎಲ್ಲಾ ಸೇರಿ 12,000. ವರ್ಷಕ್ಕೆ 150 ದಿನದ ತರಗತಿ. ಒಂದು ಮಗುವಿಗೆ ದಿನಕ್ಕೆ 7 ರೂಪಾಯಿ ಬಿತ್ತು. ಫೀಸ್ ಕೇಳಿದ ವಾರದ ಹಾಜರಿ ಪುಟವನ್ನೂ ಜೆರಾಕ್ಸ್ ಮಾಡಿಸಿ ಜೊತೆಗಿಟ್ಟೆ.

ಆದರೂ ಕೆಲಸ ಆಗಿದ್ದು ಮಕ್ಕಳ ಗ್ರಾಮಸಭೆಯಲ್ಲಿ. ಮಕ್ಕಳೇ ತಮ್ಮ ಬೇಡಿಕೆಗಳನ್ನು ಪಂಚಾಯ್ತಿ ಮುಂದೆ ಹೇಳುವ ಸಭೆ ಅದು. ನಮ್ಮ ರಾಜ್ಯದಲ್ಲಿ ಪ್ರತಿ ಪಂಚಾಯ್ತಿಯೂ ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು. ಮಕ್ಕಳು ತಾವೇ ಅರ್ಜಿ ಬರೆದರು. ನಾನು ಕಾಗುಣಿತ ಕೂಡ ತಿದ್ದಲಿಲ್ಲ. ಓದಿದ್ದು ಅದೇ ಹುಡುಗಿ. “ನಾನು ಬರೋ ಜಾಗದಲ್ಲಿ ನನ್ನ ತಮ್ಮನೂ ಇರಬಹುದು, ಬೇರೆ ಕಡೆ ಅವನನ್ನ ಒಳಗೆ ಬಿಡಲ್ಲ” ಅಂತ ಬರೆದಿದ್ದಳು. ಚರಂಡಿ ಬಗ್ಗೆ ಮಾತಾಡಿದ್ದ ಸದಸ್ಯರು ಎದ್ದು, ಇರಲಿ ಬಿಡಿ ಅಂದರು.

ಅಷ್ಟಕ್ಕೇ ನಾವು ಮನೆಗೆ ಹೋಗಲಿಲ್ಲ. ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅರ್ಜಿಯ ನಕಲಿಗೆ ಸೀಲು ಸಹಿ ಹಾಕಿಸಿಕೊಂಡೆವು. ನೀವೂ ಇದನ್ನು ಮರೆಯಬೇಡಿ. ಬಾಯಲ್ಲಿ ಒಪ್ಪಿದ್ದು ಕ್ರಿಯಾಯೋಜನೆ ಹೊತ್ತಿಗೆ ಯಾರಿಗೂ ನೆನಪಿರಲ್ಲ.

ಗೌರವಧನ ಉಳಿಯಿತು. ಸಾಮಗ್ರಿಯ ಹಣ ಅರ್ಧ ಆಯಿತು. ಕಡಿತವಾದ ಆ 6,000 ಮತ್ತೆ ಕೇಳೋಕೆ ಈ ವಾರ ಮಕ್ಕಳು ಹೊಸ ಅರ್ಜಿ ಬರೆಯುತ್ತಿದ್ದಾರೆ. ಜೊತೆಗೆ ಹಾಲ್‌ಗೆ ಒಂದು ಟ್ಯೂಬ್‌ಲೈಟೂ ಬೇಕಂತೆ.