ಕುಡಿತ ಬಿಡೋಕೆ ಬಳ್ಳಾರಿಯಲ್ಲಿ ನಾನು ಗುಂಪು ಹುಡುಕಿದ್ದು ಹೀಗೆ

ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮಷಿನ್ ಬ್ಲೇಡಿನಿಂದ ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಬೆಳಿಗ್ಗೆ ಕೈ ನಡುಗುತ್ತಿತ್ತು. ಒಂದು ನೈಂಟಿ ಒಳಗೆ ಹೋದರೆ ನಿಲ್ಲುತ್ತಿತ್ತು. ಆ ಕೈಯಲ್ಲಿ ಬ್ಲೇಡು ಓಡಿಸುವುದು ಏನು ಅಂತ ಈ ಕೆಲಸ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಅನ್ನುತ್ತಾರಲ್ಲ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ಆಸರೆಯಾಗುವವರ ಗುಂಪು, ಅದರ ಹೆಸರು ಕೇಳಿದ್ದೆ. ಆದರೆ ಎಲ್ಲಿ ಸೇರುತ್ತಾರೆ? ಬೀದಿಯಲ್ಲಿ ಬೋರ್ಡು ಕಾಣಲಿಲ್ಲ. ಬಂದವರ ಗುರುತು ಹೊರಗೆ ಬಿಡಬಾರದು ಅನ್ನುವವರು ಫ್ಲೆಕ್ಸ್ ಕಟ್ಟಿಸ್ತಾರಾ? ಗೆಳೆಯರನ್ನು ಕೇಳಿ ಉಪಯೋಗವಿರಲಿಲ್ಲ, ಅವರೆಲ್ಲ ನನ್ನ ಜೊತೆ ಕೂತು ಕುಡಿಯುವವರೇ. ಕೊನೆಗೆ ದಾರಿ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ. ಅಲ್ಲಿಗೆ ಹೋಗೋಕೆ ನಾಚಿಕೆ ಪಡುವವರೇ ಜಾಸ್ತಿ. ಆದರೆ ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಮಟ್ಟಕ್ಕೆ ತರಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮನೆ ಬಾಗಿಲಲ್ಲಿ ಇರುವುದನ್ನು ಉಪಯೋಗಿಸೋಕೆ ನಾಚಿಕೆ ಯಾಕೆ?

ಅಲ್ಲಿನ ಕೌನ್ಸೆಲರ್ ಗುಂಪಿನ ಒಬ್ಬರ ಫೋನ್ ನಂಬರ್ ಬರೆದುಕೊಟ್ಟರು. ಆದರೆ ಮೊದಲು ಡಾಕ್ಟರ್ ಹತ್ತಿರ ಕೂರಿಸಿದರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಕಡೆ ಎಷ್ಟೋ ಜನ ದೇವರ ಮೇಲೆ ಆಣೆ ಮಾಡಿ ಒಂದೇ ಏಟಿಗೆ ನಿಲ್ಲಿಸುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದ ಮೈ ಅದನ್ನು ತಡೆಯುವುದಿಲ್ಲ. ಮೊದಲ ದಿನವೇ ನಡುಕ, ಬೆವರು, ನಿದ್ದೆ ಇಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಮಾತು ತಪ್ಪಿ, ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ಡಾಕ್ಟರ್ ಮಾತ್ರೆ ಕೊಟ್ಟು, ಅದರ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತಾರೆ, ಬಿ-1 ವಿಟಮಿನ್ ಇಂಜೆಕ್ಷನ್ ಹಾಕುತ್ತಾರೆ. ಇನ್ನೊಂದು ಮಾತು: ಕುಡಿಯುವವನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ, ಮಾತ್ರೆ ಅಂತ ಮಾರುತ್ತಾರಲ್ಲ, ಅದನ್ನು ಮುಟ್ಟಬೇಡಿ. ಅದರಲ್ಲಿ ಡೈಸಲ್ಫಿರಾಮ್ ಅನ್ನುವ ಕುಡಿತ ಬಿಡಿಸುವ ಔಷಧಿ ಇದ್ದು, ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣ ಹೋಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ಡಾಕ್ಟರ್ ಕೊಡುವ ಔಷಧಿ ಅದು.

ಮಾತ್ರೆ ನಡುಕ ನಿಲ್ಲಿಸಿತು. ಸಂಜೆಯನ್ನು ಏನು ಮಾಡೋದು? ನನ್ನ ಅಪಾಯದ ಹೊತ್ತು ಶನಿವಾರ ಸಂಜೆ, ಬಟವಾಡೆ ಕೈಗೆ ಬಂದ ಮೇಲಿನ ಎರಡು ಗಂಟೆ. ಅದಕ್ಕೇ ಶನಿವಾರದ ಮೀಟಿಂಗನ್ನೇ ಆರಿಸಿಕೊಂಡೆ. ಸಂಬಳ ನೇರ ಹೆಂಡತಿಯ ಖಾತೆಗೆ ಹಾಕಿ ಅಂತ ಮಾಲೀಕರಿಗೆ ಹೇಳಿದೆ. ಘಟಕದಿಂದ ಸೀದಾ ಮೀಟಿಂಗ್.

ಒಂದು ಸಾದಾ ಕೋಣೆ, ಪ್ಲಾಸ್ಟಿಕ್ ಕುರ್ಚಿ, ಮೇಲೆ ಕಿರುಗುಟ್ಟುವ ಫ್ಯಾನು. ಹೆಸರು ಹೇಳಿದರೆ ಸಾಕು. ಅಡ್ಡಹೆಸರು, ಊರು, ಜಾತಿ ಯಾರೂ ಕೇಳಲಿಲ್ಲ. ಫೀಸಿಲ್ಲ, ಫಾರಂ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಒಂದಿದ್ದರೆ ನೀವು ಸದಸ್ಯರು. ನಡುವೆ ಹಣ ಹಾಕುವ ಒಂದು ಚೀಲ ಬಂತು. ಪಕ್ಕದವರು ನನ್ನ ಕೈಗೆ ಕೊಡದೆ ದಾಟಿಸಿದರು, "ಹೊಸಬ್ರು ಹಾಕೋದು ಬೇಡ" ಅಂದರು. ಖರ್ಚೆಲ್ಲ ಸದಸ್ಯರು ಹಾಕಿದ ಹಣದಲ್ಲೇ, ಹೊರಗಿನವರ ದೇಣಿಗೆ ತಗೊಳ್ಳುವುದಿಲ್ಲವಂತೆ.

ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಬಳ್ಳಾರಿ ಅಂದಮೇಲೆ ಕನ್ನಡದಲ್ಲಿ ಶುರುವಾದದ್ದು ತೆಲುಗಿಗೆ ಹೊರಳುತ್ತದೆ, ಉರ್ದುವಿನಲ್ಲಿ ಮುಗಿಯುತ್ತದೆ. ಒಬ್ಬ ಡ್ರೈವರ್, ಗಾಡಿಯ ಟೂಲ್ ಬಾಕ್ಸಿನಲ್ಲಿ ಪ್ಯಾಕೆಟ್ ಬಚ್ಚಿಡುತ್ತಿದ್ದದ್ದನ್ನು ಹೇಳಿದರು. ನಾನು ಬಟ್ಟೆ ಥಾನಿನ ಸಂದಿಯಲ್ಲಿ ಇಡುತ್ತಿದ್ದೆ. ಅವರು ಮುಗಿಸಿದ ಮೇಲೆ ಯಾರೂ ಬುದ್ಧಿ ಹೇಳಲಿಲ್ಲ, ಛೇ ಅನ್ನಲಿಲ್ಲ. ಮುಂದಿನವರು ತಮ್ಮ ಕಥೆ ಶುರು ಮಾಡಿದರು, ಅಷ್ಟೆ. ಮನೆಯಲ್ಲಿ, ಕೆಲಸದಲ್ಲಿ ಬುದ್ಧಿಮಾತು ಕೇಳಿ ಕೇಳಿ ಕಿವಿ ಕಿವುಡಾದವನಿಗೆ ಇದೇ ಹಿಡಿಸಿದ್ದು. ಆ ದಿನ ನಾನು ಬಾಯಿ ಬಿಡಲಿಲ್ಲ. ಬಿಡಲೇಬೇಕು ಅಂತ ಯಾರೂ ಒತ್ತಾಯಿಸಲೂ ಇಲ್ಲ.

ದೇವರ ಮಾತು ಬರುತ್ತದೆ, ನಿಜ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಭೇಟಿಯಾಗಿ ಶುರುವಾದದ್ದು ಇದು. ಅಲ್ಲಿಂದ ಬಂದ, ಕುಡಿತ ಬಿಡುವ ದಾರಿಯ ಹನ್ನೆರಡು ಹೆಜ್ಜೆಗಳಲ್ಲಿ ದೇವರಿದ್ದಾನೆ, ಆದರೆ ಅವನನ್ನು ನೀವು ತಿಳಿದುಕೊಂಡ ಹಾಗೆ ಅನ್ನುತ್ತಾರೆ. ನನಗೆ ಹನ್ನೆರಡೂ ಇನ್ನೂ ತಲೆಗೆ ಹತ್ತಿಲ್ಲ. "ಇವತ್ತೊಂದು ದಿನ" ಅನ್ನುವುದು ಹತ್ತಿದೆ. ಶಿಬಿರ ಬೇಕು ಅನ್ನುವವರಿಗೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಗಳಿವೆ, ಮುಗಿದ ಮೇಲೆ ಸೇರಲು ನವಜೀವನ ಸಮಿತಿಗಳೂ ಇವೆ. ನನ್ನ ಮಟ್ಟಿಗೆ ಶಿಬಿರಕ್ಕಿಂತ ವಾರವಾರ ಕೂರುವ ಜಾಗವೇ ಮುಖ್ಯ.

ಯಾರನ್ನು ಕೇಳಬೇಕೋ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೇ ಅಂತ 14446 ಬೇರೆ ಇದೆ. ಮನೆಯವರಿಗೆ ಅಲ್-ಅನಾನ್ ಅನ್ನುವ ಬೇರೆ ಗುಂಪಿದೆ ಅಂತ ಹೆಂಡತಿಗೆ ಹೇಳಿದೆ. "ನೀನು ಮೊದಲು ಹೋಗ್ತಾ ಇರು, ಆಮೇಲೆ ನೋಡೋಣ" ಅಂದಳು. ಖಾತೆ ಮಾತ್ರ ಇನ್ನೂ ಅವಳ ಹೆಸರಲ್ಲೇ ಇದೆ.