ನದಿಪಾತ್ರದ ಕತ್ತೆಗೆ ಸಹಾಯ ಮಾಡಬೇಕೆ? ಮೊದಲು ಅದರ ಯಜಮಾನನನ್ನು ಹುಡುಕಿ

ಪುಣೆಯ ಸಿಂಹಗಡ ರಸ್ತೆಯಲ್ಲಿ ಮರಳು, ಇಟ್ಟಿಗೆ, ಸಿಮೆಂಟು ಮಾರುವ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಊರು ಧಾರವಾಡ. ಇಲ್ಲಿಗೆ ಬಂದು 19 ವರ್ಷ ಆಯಿತು. ಅಂಗಡಿಯ ಹಿಂದೆ ಒಂದು ಖಾಲಿ ಜಾಗ, ಅದರಾಚೆ ಮುಠಾ ನದಿ. ಟೆಂಪೋ ನುಗ್ಗದ ಓಣಿಗಳಿಗೆ ನಮ್ಮ ಮರಳು ಹೊರುವುದು ಇವತ್ತಿಗೂ ಕತ್ತೆಗಳೇ. ಕೆಲಸ ಇಲ್ಲದ ದಿನ ಅವು ನದಿಪಾತ್ರದಲ್ಲಿ ಮೇಯುತ್ತವೆ, ಕಸದ ಗುಡ್ಡೆ ಕೆದಕುತ್ತವೆ, ರಾತ್ರಿ ರಸ್ತೆಯ ನಟ್ಟನಡುವೆ ಬಂದು ಸುಮ್ನೆ ನಿಂತುಬಿಡುತ್ತವೆ. ನೋಡಿದವರು ಅನ್ನುವುದು ಒಂದೇ ಮಾತು: ಪಾಪ, ಇವಕ್ಕೆ ಯಾರೂ ಇಲ್ಲ.

ನಾನೂ ಹಾಗೇ ಅಂದುಕೊಂಡಿದ್ದೆ. ಆರು ವರ್ಷದ ಹಿಂದೆ ಒಂದು ಸಂಜೆ ಒಂದು ಹೆಣ್ಣು ಕತ್ತೆ ಕುಂಟುತ್ತಿತ್ತು. ಮುಂಗಾಲಿನಲ್ಲಿ ಹಗ್ಗ ಕೊರೆದ ಗಾಯ, ಅದರ ತುಂಬ ನೊಣ. ಫೋನು ಮಾಡಿದೆ, ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಕಡೆಯವರು ಗಾಡಿ ತಂದು ಒಯ್ದರು. ಪುಣ್ಯದ ಕೆಲಸ ಆಯಿತು ಅಂತ ಮನೆಗೆ ಹೋಗಿ ನೆಮ್ಮದಿಯಿಂದ ಉಂಡು ಮಲಗಿದೆ. ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೆ ಒಬ್ಬ ಅಜ್ಜ ನಿಂತಿದ್ದರು. ಕಲಬುರಗಿ ಕಡೆಯವರು. ಕೈಯಲ್ಲಿ ಬರೀ ಹಗ್ಗ. "ಯವ್ವಾ, ನನ್ ಕತ್ತಿ ಯಾರ್ ಒಯ್ದ್ರು, ನೋಡೀಯೇನ?" ಅಂದರು. ಅವರ ತಗಡಿನ ಶೆಡ್ಡಿನ ಹಿಂದೆ ಇಪ್ಪತ್ತು ದಿನದ ಮರಿ ಇತ್ತು. ಸಿಮೆಂಟಿನ ಖಾಲಿ ಚೀಲಗಳ ನಡುವೆ ಮೂಗು ತೂರಿಸಿ ನಿಂತಿತ್ತು. ರಾತ್ರಿಯಿಡೀ ಹಾಲಿಲ್ಲ. ಪಶುವೈದ್ಯರು ಹೇಳಿದ ಹಾಗೆ ಹಸುವಿನ ಹಾಲಿಗೆ ನೀರು, ಚೂರು ಗ್ಲೂಕೋಸ್ ಬೆರೆಸಿ ಎರಡು ಗಂಟೆಗೊಮ್ಮೆ ಬಾಟಲಿಯಲ್ಲಿ ಕುಡಿಸಿದೆವು. ತಾಯಿ ವಾಪಸ್ ಬರಲು ಎರಡು ದಿನ ಹಿಡಿಯಿತು. ಅಜ್ಜ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಮೊದಲ ಕೆಲಸ ಫೋನು ಮಾಡುವುದಲ್ಲ, ನೋಡುವುದು. ರಕ್ತ ಸುರಿಯುತ್ತಿಲ್ಲ, ಮೂಳೆ ಮುರಿದಿಲ್ಲ, ಪ್ರಾಣಿ ಎದ್ದು ನಿಂತಿದೆ ಅಂದರೆ ನಿಮಗೆ ಒಂದು ದಿನದ ಸಮಯ ಇದೆ. ಬೆನ್ನು ನೋಡಿ. ಹೇರು ಹೊತ್ತ ಕತ್ತೆಯ ಬೆನ್ನಿನ ಕೂದಲು ಉಜ್ಜಿಹೋಗಿರುತ್ತದೆ. ಕಿವಿಯಲ್ಲಿ ಕತ್ತರಿಸಿದ ಗುರುತು, ಕುತ್ತಿಗೆಯ ಕೂದಲಿಗೆ ಬಣ್ಣ, ಕಾಲಿಗೆ ದಾರ ಇದ್ದರೆ ಅದು ಯಾರದೋ ಕತ್ತೆ. ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಚಹಾದ ಗಾಡಿಯವನು, ಕಟ್ಟಡದ ವಾಚ್‌ಮನ್, ಇಟ್ಟಿಗೆ ಭಟ್ಟಿಯವರು, ಇವರಿಗೆ ತೋರಿಸಿ ಕೇಳಿ. ಬೆಳಗಿನ ಜಾವ ಐದೂವರೆಗೆ ಹೋದರೆ ಜಾಸ್ತಿ ಅನುಕೂಲ, ಕತ್ತೆ ಹಿಡಿಯಲು ಯಜಮಾನರು ಬರುವ ಹೊತ್ತು ಅದು. ಮರಾಠಿಯಲ್ಲಿ ಶುರು ಮಾಡಿ, ಉತ್ತರ ಯಾವ ರಾಗದಲ್ಲಿ ಬರುತ್ತದೆ ಕೇಳಿ. ನಮ್ಮ ಭಾಗದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಎಷ್ಟೋ ಜನ ಸಿಗುತ್ತಾರೆ. ಕನ್ನಡದಲ್ಲಿ "ಯಾವೂರು ಕಾಕಾ?" ಅಂದ ಕೂಡಲೇ ಅರ್ಧ ಜಗಳ ಮುಗಿಯುತ್ತದೆ.

ನನ್ನ ತಂಗಿಯ ಮಗಳು ಅಮೆರಿಕದ ನೆವಾಡಾದಲ್ಲಿ ಇದ್ದಾಳೆ. ಅಲ್ಲಿನ ಬಯಲಿನಲ್ಲಿ ಓಡುವ ಕುದುರೆಗಳ ವಿಡಿಯೋ ಕಳಿಸಿ, "ದೊಡ್ಡಮ್ಮಾ, ಇವನ್ನು ಯಾರೂ ಮುಟ್ಟೋ ಹಾಗಿಲ್ಲ, ಕಾನೂನಿದೆ" ಅಂದಳು. ಹೌದು, 1971ರ ಕಾನೂನು. ಸರ್ಕಾರಿ ಬಯಲಿನ ಕಾಡುಕುದುರೆ, ಕತ್ತೆಗಳನ್ನು ಹಿಡಿಯುವುದು, ಕಾಡಿಸುವುದು, ಕೊಲ್ಲುವುದು ಅಪರಾಧ. ಅದರ ಹಿಂದೆ ನಿಂತವಳು ವೆಲ್ಮಾ ಜಾನ್‌ಸ್ಟನ್, ಆಫೀಸಿನಲ್ಲಿ ಸೆಕ್ರೆಟರಿ ಕೆಲಸ ಮಾಡುತ್ತಿದ್ದ ಹೆಂಗಸು. 1950ರಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮುಂದಿನ ಲಾರಿಯಿಂದ ರಕ್ತ ತೊಟ್ಟಿಕ್ಕುವುದನ್ನು ನೋಡಿ ಹಿಂಬಾಲಿಸಿದಳು. ಒಳಗೆ ಕಸಾಯಿಖಾನೆಗೆ ಹೊರಟ ಕುದುರೆಗಳು. ಶಾಲೆಯ ಮಕ್ಕಳು ರಾಶಿ ರಾಶಿ ಕಾಗದ ಬರೆದರು, ಕೊನೆಗೆ ಕಾನೂನು ಬಂತು. ಈಗ ಅಲ್ಲಿ ತೊಂದರೆ ಬೇರೆ. ಬಯಲು ತಾಳುವಷ್ಟಕ್ಕಿಂತ ಜಾಸ್ತಿ ಕುದುರೆ ಆಗಿವೆ ಅಂತ ಸರ್ಕಾರವೇ ಹಿಡಿದು ದತ್ತು ಕೊಡುತ್ತದೆ, ಗರ್ಭ ನಿಲ್ಲದ ಹಾಗೆ ಲಸಿಕೆಯನ್ನೂ ಹಾಕುತ್ತದೆ. ನಮ್ಮ ದೇಶದಲ್ಲಿ ನಿಜವಾದ ಕಾಡುಕತ್ತೆ ನೋಡಬೇಕಾದರೆ ಗುಜರಾತಿನ ಕಛ್‌ನ ಸಣ್ಣ ರಣದಂಥ ಕಡೆಗೆ ಹೋಗಬೇಕು. 2024ರ ಎಣಿಕೆಯಲ್ಲಿ ಗುಜರಾತಿನಲ್ಲಿ 7,672 ಇದ್ದವು. ಅವಕ್ಕೆ ಸರ್ಕಾರವೇ ಯಜಮಾನ. ಮುಠಾ ದಂಡೆಯ ಕತ್ತೆಗೆ ಯಾರೋ ಒಬ್ಬ ಅಜ್ಜ ಇರುತ್ತಾನೆ. ಕಾಡುಪ್ರಾಣಿಗೆ ಮಾಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಅಜ್ಜ ಉಳಿದರೆ ಕತ್ತೆ ಉಳಿಯುತ್ತದೆ.

ಹಾಗಂತ ಯಜಮಾನ ಮಾಡಿದ್ದೆಲ್ಲ ಸರಿ ಅಂತಲ್ಲ. 1965ರ ಒಂದು ನಿಯಮ ಇದೆ, ಬಾಯಿಪಾಠ ಮಾಡಿಕೊಳ್ಳಿ. ಕತ್ತೆಯ ಬೆನ್ನಿಗೆ 50 ಕೆಜಿ, ತಟ್ಟುವಿಗೆ (ಗಿಡ್ಡ ಕುದುರೆ) 70, ಹೇಸರಗತ್ತೆಗೆ 200. ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ನಡುವೆ ಬಿಡುವಿಲ್ಲದೆ 5 ಗಂಟೆ ದಾಟುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೇರು ಹಾಕುವಂತಿಲ್ಲ. ಪುಣೆಯ ಏಪ್ರಿಲ್ ಅಂದರೆ ಬಹುತೇಕ ದಿನವೂ ಅದೇ ಲೆಕ್ಕ. 50 ಕೆಜಿ ಅಂದರೆ ಎಷ್ಟು ಅಂತ ಕಣ್ಣಳತೆಗೆ ಸಿಗಬೇಕಲ್ವಾ? ಒಂದು ಸಿಮೆಂಟ್ ಚೀಲ, ಅಷ್ಟೇ. ಮರಳಾದರೆ ನಮ್ಮ ಅಂಗಡಿಯ ಕಾಟಾದಲ್ಲಿ ತೂಗಿ ನೋಡಿದ್ದೇನೆ, ನಮ್ಮ ಘಮೇಲಾದಲ್ಲಿ (ಮರಳು ಹೊರುವ ಬುಟ್ಟಿ) ಮಟ್ಟವಾಗಿ ಮೂರು ತುಂಬಿದರೆ 48 ಕೆಜಿ. ನಾಲ್ಕನೆಯದು ಸುರಿದರೆ ತಪ್ಪು.

ಇದನ್ನು ಅಜ್ಜನಿಗೆ ಹೇಳಿ ಪ್ರಯೋಜನ ಇಲ್ಲ. ಅಳತೆ ನಿಲ್ಲುವುದು ಕಾಂಟ್ರಾಕ್ಟರನ ಕೈಯಲ್ಲಿ. ಖೇಪಿಗೆ, ಅಂದರೆ ಒಂದು ಸಲದ ಹೇರಿಗೆ, ಇಷ್ಟು ಅಂತ ದುಡ್ಡು ಕೊಡುವವನು ಅವನು, ಖೇಪು ಕಡಿಮೆ ಆಗಲಿ ಅಂತ ತುಂಬಿಸುವವನೂ ಅವನೇ. ಅವನಿಗೆ ಹೇಳಿ, ನಗುತ್ತಲೇ ಹೇಳಿ. ದಂಡಕ್ಕೆ ಅವನು ಹೆದರುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾನೂನಿನಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ, ಎರಡು ವಡಾಪಾವ್‌ನ ಬೆಲೆ! ಆದರೆ ಪೊಲೀಸರು ಬಂದು ಕೆಲಸ ಅರ್ಧ ದಿನ ನಿಂತರೆ ಆಗುವ ನಷ್ಟಕ್ಕೆ ಹೆದರುತ್ತಾನೆ.

ತಿನ್ನಲು ಏನು ಕೊಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಹಳಸಿದ ಚಪಾತಿ, ಬ್ರೆಡ್ಡು, ಅನ್ನ, ಬೆಲ್ಲ ಬೇಡವೇ ಬೇಡ. ಕತ್ತೆಯ ಹೊಟ್ಟೆ ಒಣ ಮೇವಿಗೆ ಮಾಡಿದ್ದು. ಸಿಹಿ, ಹಿಟ್ಟು ಜಾಸ್ತಿ ಆದರೆ ಹೊಟ್ಟೆ ಶೂಲೆ ಬರುತ್ತದೆ, ಗೊರಸಿನ ಒಳಗೆ ಉರಿಯೂತ ಆಗಿ ಹೆಜ್ಜೆ ಇಡಲಾಗುವುದಿಲ್ಲ. ಜೋಳದ ಕಣಿಕೆ ಕೊಡಿ, ಇಲ್ಲಿನವರು ಕಡಬಾ ಅನ್ನುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವುದು ಎಲ್ಲಕ್ಕಿಂತ ಕೆಟ್ಟದ್ದು, ಚೀಲದ ಸಮೇತ ತಿಂದು ಕರುಳು ಕಟ್ಟಿಕೊಳ್ಳುತ್ತದೆ. ಮೇವಿಗಿಂತ ನೀರು ಮುಖ್ಯ. ನೀಲಿ ಡ್ರಮ್ಮನ್ನು ಅರ್ಧ ಕತ್ತರಿಸಿ ನೆರಳಲ್ಲಿ ಇಟ್ಟಿದ್ದೇವೆ. ಕತ್ತೆ ಗಲೀಜು ನೀರಿಗೆ ಬಾಯಿ ಹಾಕುವುದಿಲ್ಲ, ಆ ವಿಷಯದಲ್ಲಿ ನಮ್ಮ ಸೋದರತ್ತೆಯ ಹಾಗೆ. ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆದು ತುಂಬಿಸಿ, ಸೊಳ್ಳೆಯೂ ಆಗುವುದಿಲ್ಲ.

ಗಾಯ ಇದ್ದರೆ ಹಿಂದಿನಿಂದ ಹೋಗಬೇಡಿ. ಭುಜದ ಕಡೆಯಿಂದ, ಮಾತಾಡುತ್ತಾ, ನಿಧಾನವಾಗಿ ಹತ್ತಿರ ಹೋಗಿ. ಕುದುರೆ ಹೆದರಿದರೆ ಓಡುತ್ತದೆ, ಕತ್ತೆ ಹೆದರಿದರೆ ನೆಟ್ಟಗೆ ನಿಂತುಬಿಡುತ್ತದೆ. ಅದನ್ನೇ ನಾವು ಮೊಂಡುತನ ಅನ್ನುತ್ತೇವೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಪೋವಿಡೋನ್ ಅಯೋಡಿನ್ ಹಚ್ಚಿದರೆ ಸಾಕು. ಲಾರಿಯ ಕರಿ ಆಯಿಲ್ ಹಚ್ಚುವ ರೂಢಿ ಇಲ್ಲಿ ಇದೆ, ಬಿಡಿಸಿ. ಕತ್ತೆ, ಕುದುರೆಗಳಿಗೆ ಧನುರ್ವಾಯು ಬಹಳ ಸುಲಭವಾಗಿ ತಗಲುತ್ತದೆ, ಆದ್ದರಿಂದ ಚುಚ್ಚುಮದ್ದಿನ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಅಜ್ಜನ ಕತ್ತೆಯ ಮುಂಗಾಲಿನ ಗಾಯಕ್ಕೆ ಕಾರಣ ನೈಲಾನ್ ಹಗ್ಗ. ಎಲ್ಲೂ ಓಡಿಹೋಗದಿರಲಿ ಅಂತ ಎರಡೂ ಮುಂಗಾಲು ಸೇರಿಸಿ ಕಟ್ಟಿದ್ದರು. ಕಟ್ಟಬೇಡಿ ಅಂದೆ. "ಕಟ್ಟಲಿಲ್ಲಂದ್ರ ರೋಡಿಗೆ ಹೊಕ್ಕೈತಿ, ಲಾರಿ ಬಡಿತೈತಿ. ನೀ ಬಂದು ಕಾಯ್ತೀಯೇನು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಹಳೆಯ ಹತ್ತಿ ಸೀರೆಯ ಅಂಚು ಹರಿದು, ನಾಲ್ಕು ಪದರ ಮಡಚಿ ಹೊಲಿದು ಅಗಲವಾದ ಪಟ್ಟಿ ಮಾಡಿಕೊಟ್ಟೆ. ಸಂಜೆ ಬಿಚ್ಚಿ ಶೆಡ್ಡಿನೊಳಗೆ ಕಟ್ಟುವುದು ಅಂತ ಒಪ್ಪಂದ. ಗಾಯ ಮೂರು ವಾರದಲ್ಲಿ ಮಾಯಿತು.

ಲಾರಿಯ ಭಯಕ್ಕೆ ಇನ್ನೊಂದು ಉಪಾಯ ಇದೆ, ಕುತ್ತಿಗೆಗೆ ರೇಡಿಯಂ ಪಟ್ಟಿ. ಗಾಡಿಗಳ ಹಿಂದೆ ಅಂಟಿಸುತ್ತಾರಲ್ಲ, ಅದೇ. ಅಂಟಿಸುವ ಜಾತಿಯದು ಬೇಡ, ಬಟ್ಟೆಗೆ ಹೊಲಿಯುವಂಥದು ತನ್ನಿ. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ತುದಿಗೆ ಬಕಲ್ ಹಾಕಬೇಡಿ, ವೆಲ್ಕ್ರೋ ಹಾಕಿ, ಎಲ್ಲಾದರೂ ಸಿಕ್ಕಿಕೊಂಡರೆ ಬಿಚ್ಚಿಹೋಗಬೇಕು. ನಾನು ಈವರೆಗೆ 31 ಹೊಲಿದಿದ್ದೇನೆ. ಅರ್ಧಕ್ಕರ್ಧ ಕಳೆದುಹೋಗಿವೆ, ಎರಡನ್ನು ಒಂದು ಆಡು ತಿಂದಿದೆ.

ತಕ್ಷಣ ಫೋನು ಮಾಡಲೇಬೇಕಾದ ಸಂದರ್ಭಗಳೂ ಇವೆ. ಕತ್ತೆ ನೋವು ತೋರಿಸುವುದಿಲ್ಲ. ತಲೆ ತಗ್ಗಿಸಿ, ಮೇವು ಬಿಟ್ಟು ಮೂಲೆಯಲ್ಲಿ ನಿಂತಿದೆ ಅಂದರೆ ಆಗಲೇ ತಡವಾಗಿದೆ. ಮೇವು ಬಿಟ್ಟ ಕತ್ತೆಗೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಪ್ರಾಣವೇ ಹೋಗಬಹುದು. 1962ಕ್ಕೆ ಕರೆ ಮಾಡಿ, ಸರ್ಕಾರದ ಪಶುವೈದ್ಯ ಗಾಡಿಯ ನಂಬರು ಅದು. ಮೂಗಿನಿಂದ ಹಳದಿ ಸಿಂಬಳ, ಮೈಮೇಲೆ ಒಡೆದ ಗಂಟುಗಳು ಕಂಡರೆ ಮುಟ್ಟಲೇಬೇಡಿ, ಮಕ್ಕಳನ್ನು ದೂರ ಇಡಿ. ಗ್ಲ್ಯಾಂಡರ್ಸ್ ಇರಬಹುದು, ಮನುಷ್ಯರಿಗೂ ಹರಡುವ ರೋಗ. ಸರ್ಕಾರಿ ಪಶುವೈದ್ಯರಿಗೆ ತಿಳಿಸಲೇಬೇಕು.

ಯಜಮಾನ ಸಿಗಲೇ ಇಲ್ಲ, ಪ್ರಾಣಿ ಉಪವಾಸ ಬಿದ್ದಿದೆ, ಅಥವಾ ಯಾರೋ ಬೇಕಂತಲೇ ಹೊಡೆದು ಕಾಲು ಮುರಿದಿದ್ದಾರೆ ಅಂದರೆ ಪೊಲೀಸರ 112ಕ್ಕೆ ಫೋನು ಮಾಡಿ. ಪ್ರಾಣಿಯನ್ನು ಹಸಿವಿಗೆ ಬಿಟ್ಟುಹೋಗುವುದೂ 1960ರ ಕಾನೂನಿನಲ್ಲಿ ಅಪರಾಧ. ಅಂಗ ಊನ ಮಾಡಿದರೆ ಅಥವಾ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು, ಐದು ವರ್ಷದವರೆಗೆ ಜೈಲು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಕಾಗದದಲ್ಲಿ ಬರೆದು ಕೊಡಿ, ಇನ್ನೊಂದು ಪ್ರತಿಗೆ ಠಸ್ಸೆ ಹಾಕಿಸಿಕೊಳ್ಳಿ. ಪ್ರಾಣಿಯನ್ನು ಒಯ್ದರೆ ಯಾವ ಜಾಗಕ್ಕೆ, ಯಾರ ವಶಕ್ಕೆ ಅಂತ ಬರೆಸಿಕೊಳ್ಳದೆ ಗಾಡಿ ಬಿಡಬೇಡಿ. ನಾನು ಅವತ್ತು ಬರೆಸಿಕೊಂಡಿದ್ದರೆ ಎರಡು ದಿನ ಹುಡುಕುವುದು ತಪ್ಪುತ್ತಿತ್ತು. ನಡುರಾತ್ರಿ ಗುರುತಿಲ್ಲದ ಟೆಂಪೋ ಕತ್ತೆ ತುಂಬುತ್ತಿದ್ದರೆ ನಂಬರು ಬರೆದುಕೊಂಡು ಆಗಲೂ 112. ಚರ್ಮಕ್ಕೆ, ಮಾಂಸಕ್ಕೆ ಕಳವು ನಡೆಯುತ್ತದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಮೂರು ಲಕ್ಷ ದಾಟಿದ್ದ ಕತ್ತೆಗಳು 2019ಕ್ಕೆ 1.2 ಲಕ್ಷಕ್ಕೆ ಇಳಿದಿದ್ದವು.

ದುಡ್ಡು ಕೊಟ್ಟು ಬಿಡಿಸುವ ಆಸೆ ಬೇಡ. ಜೇಜುರಿಯಲ್ಲಿ ಪುಷ್ಯ ಹುಣ್ಣಿಮೆಗೆ ಕತ್ತೆಗಳ ಸಂತೆ ಕೂಡುತ್ತದೆ. ಅಲ್ಲಿನ ಖಂಡೋಬಾ ನಮ್ಮ ಮೈಲಾರಲಿಂಗನೇ, ಒಮ್ಮೆ ಹೋಗಿ ಬನ್ನಿ, ಭಂಡಾರ ಹಚ್ಚಿಕೊಂಡು ನೋಡಿಕೊಂಡು ಬನ್ನಿ. ಆದರೆ ಕನಿಕರಪಟ್ಟು ಒಂದನ್ನು ಕೊಂಡರೆ ಮಾರಿದವನು ಅದೇ ದುಡ್ಡಿನಲ್ಲಿ ಇನ್ನೊಂದನ್ನು ತರುತ್ತಾನೆ, ನಿಮ್ಮದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕೂಗುತ್ತಾ ನಿಲ್ಲುತ್ತದೆ. ಅದೇ ದುಡ್ಡಿನಲ್ಲಿ ಒಬ್ಬ ಯಜಮಾನನಿಗೆ ಬೇಸಿಗೆಯ ಕಣಿಕೆ ಕೊಡಿಸಿ.

ಇನ್ನು ಮಳೆಗಾಲ. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮುಠಾ ನದಿಪಾತ್ರ ನೋಡನೋಡುತ್ತಲೇ ತುಂಬುತ್ತದೆ. 2024ರ ಜುಲೈ 25ರಂದು ನಮ್ಮ ರಸ್ತೆಯ ಏಕತಾ ನಗರಿಯಲ್ಲಿ ಜನ ಮನೆಯಿಂದ ದೋಣಿಯಲ್ಲಿ ಹೊರಗೆ ಬಂದರು. ಬಿಟ್ಟ ಪ್ರಾಣಿ ದಿಬ್ಬಕ್ಕೆ ಹತ್ತಿಕೊಳ್ಳುತ್ತದೆ, ಕಾಲು ಕಟ್ಟಿದ್ದು ನಿಂತಲ್ಲೇ ಮುಳುಗುತ್ತದೆ. ಹಾಗಾಗಿ ಜೂನ್ ಮೊದಲ ವಾರವೇ ಯಾವ ಕತ್ತೆ ಎಲ್ಲಿ ಕಟ್ಟಿರುತ್ತದೆ ಅಂತ ಒಂದು ಸುತ್ತು ಹಾಕಿ ನೋಡಿಕೊಳ್ಳಿ, ಯಜಮಾನರ ನಂಬರು ಇಟ್ಟುಕೊಳ್ಳಿ. ನೀರು ಬಿಡುವ ಸುದ್ದಿ ಬಂದ ಕೂಡಲೇ ಫೋನು ಮಾಡಿ, ನದಿಯ ಮೇಲಿನ ತಗ್ಗು ಸೇತುವೆ ಭಿಡೆ ಪುಲ್ ಮುಳುಗುವ ತನಕ ಕಾಯಬೇಡಿ. ಒದ್ದೆಯಾದ ನೈಲಾನ್ ಗಂಟು ಕೈಯಲ್ಲಿ ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ನಮ್ಮ ಅಂಗಡಿಯಲ್ಲಿ ಅದಕ್ಕಂತಲೇ ಒಂದು ಕುಡುಗೋಲು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಷಟರ್‌ನ ಪಕ್ಕದ ಮೊಳೆಯಲ್ಲಿ ತೂಗುತ್ತಿರುತ್ತದೆ, ಅಜ್ಜನಿಗೂ ಗೊತ್ತು.